ಕಮಲಾಪುರಕ್ಕೂ ರಂಗ ಬೇಕು

ಆಳಿಕೆ ಪರರ ಕೈಯಲ್ಲಿರುವಾಗ ಜನರ ನುಡಿಯನ್ನು ಕಾಯುವದು ಯಾವದು? ಆಸ್ಟ್ರಿಯದ ಚಕ್ರವರ್ತಿಯ ಅಧೀನದಲ್ಲಿದ್ದ ಸರ್ಬಿಯನ್ನರು 1861ರಲ್ಲಿ ನೋವಿ ಸಾದ್ ನಗರದಲ್ಲಿ ತಮ್ಮ ರಾಷ್ಟ್ರೀಯ ನಾಟಕಶಾಲೆಯನ್ನು ಸ್ಥಾಪಿಸಿ ಇದಕ್ಕೆ ಉತ್ತರವಿತ್ತರು. ಬೋಸ್ನಿಯದ ಸರಾಯೆವೊ 1992ರಲ್ಲಿ ಮುತ್ತಿಗೆಗೆ ಸಿಕ್ಕಾಗ, ಗುಂಡಿನ ಮಳೆಯ ನಡುವೆಯೇ ಅಲ್ಲಿ ಹೊಸ ನಾಟಕಶಾಲೆ ಹುಟ್ಟಿತು.

ಕಲಬುರಗಿಯ ಕಥೆಯೂ ಬೇರೆಯಲ್ಲ. 1948ರ ವರೆಗೆ ನಿಜಾಮರ ರಾಜ್ಯದಲ್ಲಿ ಕಚೇರಿ-ಶಾಲೆಗಳಲ್ಲಿ ಉರ್ದುವೇ ಮೇಲಾಗಿರಲು, ಕನ್ನಡವನ್ನು ಬಾಳಿಸಿದವು ಬಯಲಾಟ, ಭಜನೆ, ಕಡಕೋಳ ಮಡಿವಾಳಪ್ಪನವರ ತತ್ವಪದಗಳು. ಅವರ ಶಿಷ್ಯರಲ್ಲಿ ಚೆನ್ನೂರ ಜಲಾಲಸಾಹೇಬರೂ ಇದ್ದರೆಂಬುದನ್ನು, ಮತದ ಹೆಸರಿನಲ್ಲಿ ಜಗಳ ಹೂಡುವವರು ನೆನೆಯಲಿ.

ಇಂದು ಕಲಬುರಗಿಯಲ್ಲಿ ಎಸ್.ಎಂ. ಪಂಡಿತ ರಂಗಮಂದಿರವುಂಟು, ರಂಗಾಯಣವುಂಟು. ಆದರೆ ಜಿಲ್ಲೆಯ ಕಲೆ ನಗರದ ಅಗಸಿಯಲ್ಲಿಯೇ ನಿಲ್ಲಬಾರದು. ಹುಮನಾಬಾದ ಮಾರ್ಗದ ಕಮಲಾಪುರವು ಈಗ ತಾಲೂಕಿನ ಮುಖ್ಯಸ್ಥಳ. ತಹಶೀಲದಾರರ ಕಚೇರಿಯೊಂದರಿಂದಲೇ ಊರು ತಾಲೂಕಾಗದು. ನಾವು ಕೇಳುವದಿಷ್ಟೆ: ರಂಗಾಯಣದವರು ವರ್ಷಕ್ಕೆ ಇಂತಿಷ್ಟು ದಿನವೆಂದು ಗೊತ್ತುಮಾಡಿ ಅಲ್ಲಿ ನಾಟಕವಾಡಲಿ, ಅಲ್ಲಿಯ ಪದ ಹಾಡುವವರನ್ನು ನಗರದ ರಂಗಕ್ಕೆ ಮರ್ಯಾದೆಯಿಂದ ಕರೆಯಲಿ. ಮಹಾಜನರು ಒತ್ತಾಯಿಸಿ ಕೇಳದ ಹೊರತು ಸರಕಾರ ಕೊಡದು. ಪರರ ಆಳಿಕೆಯಲ್ಲಿ ಅಳಿಯದ ಹಾಡು ಸ್ವರಾಜ್ಯದಲ್ಲಿ ಅಳಿದರೆ, ದೂರುವದಕ್ಕೆ ನಮಗೆ ಬೇರೆ ಯಾರೂ ಉಳಿದಿಲ್ಲ.