ಮುಯ್ಯಾಳು ನೀತಿಯೂ ಆಕಾಶರಕ್ಷಣೆಯೂ

ರಾಜ್ಯಕ್ಕೆ ಏಳು ಅಂಗಗಳೆಂದು ಕೌಟಿಲ್ಯನ ಅರ್ಥಶಾಸ್ತ್ರವು ಗಣಿಸುತ್ತದೆ. ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ ಎಂಬ ಆರನ್ನು ಹೇಳಿದ ತರುವಾಯವೇ ಏಳನೆಯದಾಗಿ ಮಿತ್ರನ ಉಲ್ಲೇಖ ಬರುತ್ತದೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ಉದ್ಧರಿಸಿ 1909ರಲ್ಲಿ ಪ್ರಕಟಿಸಿದ ಆ ಗ್ರಂಥದ ಈ ಕ್ರಮವು ಆಕಸ್ಮಿಕವಾದುದೆಂದು ತೋರುವುದಿಲ್ಲ. ತನ್ನ ಕೋಟೆ, ತನ್ನ ಬೊಕ್ಕಸ, ತನ್ನ ಸೈನ್ಯಗಳನ್ನು ಕಟ್ಟಿಕೊಂಡವನಿಗೆ ಮಿತ್ರನು ಬಲ. ಅವಿಲ್ಲದವನಿಗೆ ಮಿತ್ರನೇ ಒಡೆಯನಾಗುವ ಸಂಭವವುಂಟು. ರಾಷ್ಟ್ರಗಳು ಒಕ್ಕೂಟ ಕಟ್ಟಿಕೊಂಡು ಒಬ್ಬರ ಆಕಾಶವನ್ನು ಮತ್ತೊಬ್ಬರು ಕಾಯುತ್ತಿರುವ ಈ ಕಾಲದಲ್ಲಿ ಈ ವಿಚಾರವನ್ನು ಪರಾಮರ್ಶಿಸುವುದು ಉಚಿತವಾಗಿದೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಒಕ್ಕಲು ಮನೆಗಳಿಗೆ ಇದರ ತತ್ತ್ವ ಅಪರಿಚಿತವಲ್ಲ. ನಾಟಿಯ ಕಾಲಕ್ಕೆ ಒಂದು ಮನೆಯ ಗದ್ದೆಗೆ ನೆರೆಮನೆಯವರು ಇಳಿಯುವುದು, ಮರುದಿನ ಆ ಮನೆಯವರು ನೆರೆಯವರ ಗದ್ದೆಗೆ ಇಳಿಯುವುದು ಮಲೆನಾಡಿನ ಹಳೆಯ ಪದ್ಧತಿ. ಅದಕ್ಕೆ ಮುಯ್ಯಾಳು ಎಂದು ಹೆಸರು. ಅಲ್ಲಿ ಕೂಲಿಯಿಲ್ಲ, ದಾನವೂ ಇಲ್ಲ. ಬಂದ ಆಳಿಗೆ ಪ್ರತಿಯಾಗಿ ಆಳನ್ನು ಕಳುಹಿಸಲೇಬೇಕು. ಮುಯ್ಯಿ ತೀರಿಸದ ಮನೆಗೆ ಮುಂದಿನ ಮಳೆಗಾಲದಲ್ಲಿ ಯಾರೂ ಬರಲಾರರು.

ಯುರೋಪಿನ ಬಾಲ್ಟಿಕ್ ತೀರದ ಎಸ್ತೋನಿಯ, ಲ್ಯಾಟ್ವಿಯ, ಲಿಥುವೇನಿಯ ಎಂಬ ಮೂರು ಪುಟ್ಟ ದೇಶಗಳು 2004ರ ಮಾರ್ಚಿಯಲ್ಲಿ ನ್ಯಾಟೋ ಒಕ್ಕೂಟವನ್ನು ಸೇರಿದವು. ಅವುಗಳಿಗೆ ಸ್ವಂತದ ಯುದ್ಧವಿಮಾನಗಳಿರಲಿಲ್ಲ. ಅಂದಿನಿಂದ ಮಿತ್ರರಾಷ್ಟ್ರಗಳು ಸರದಿಯಂತೆ ಕೆಲವು ತಿಂಗಳುಗಳ ಕಾಲ ತಮ್ಮ ವಿಮಾನಗಳನ್ನೂ ವೈಮಾನಿಕರನ್ನೂ ಅಲ್ಲಿ ನಿಲ್ಲಿಸುತ್ತ ಬಂದಿವೆ. ಮೊದಲು ಬಂದುದು ಬೆಲ್ಜಿಯಂ ದೇಶದ ತುಕಡಿ. ಇಳಿದುದು ಲಿಥುವೇನಿಯದ ಶೌಲೈ ನೆಲೆಯಲ್ಲಿ. 2014ರಿಂದ ಎಸ್ತೋನಿಯದ ಆಮರಿ ನೆಲೆಯೂ ಬಳಕೆಗೆ ಬಂದಿತು. ವಿಮಾನ ಒಬ್ಬರದು, ನೆಲೆ ಮತ್ತೊಬ್ಬರದು, ಆಜ್ಞೆ ಮಾತ್ರ ಜರ್ಮನಿಯಲ್ಲಿರುವ ಸಮಾನ ಕೇಂದ್ರದ್ದು. 2025ರ ಸೆಪ್ಟೆಂಬರಿನಲ್ಲಿ ರಷ್ಯದ ಡ್ರೋನುಗಳು ಪೋಲೆಂಡಿನ ಆಕಾಶವನ್ನು ಹೊಕ್ಕಾಗ ಅವುಗಳನ್ನು ಹೊಡೆದುರುಳಿಸುವುದರಲ್ಲಿ ಪೋಲೆಂಡಿನ ವಿಮಾನಗಳೊಡನೆ ನೆದರ್ಲೆಂಡ್ಸಿನ ವಿಮಾನಗಳೂ ಭಾಗಿಯಾದವು. ಅದೇ ತಿಂಗಳು ಮೂರು ರಷ್ಯನ್ ಯುದ್ಧವಿಮಾನಗಳು ಎಸ್ತೋನಿಯದ ಗಡಿಯನ್ನು ಮೀರಿದಾಗ ಅವನ್ನು ಎದುರುಗೊಳ್ಳಲು ಇಟಲಿಯ ವಿಮಾನಗಳು ಮೇಲೆದ್ದವು.

ಇದು ಮುಯ್ಯಾಳೇ ಅಥವಾ ಆಶ್ರಯವೇ ಎಂಬ ಶಂಕೆ ನ್ಯಾಯವಾದುದು. ವಿಮಾನವೇ ಇಲ್ಲದವನು ಮುಯ್ಯಿ ತೀರಿಸುವುದೆಂತು? ಆದರೆ ಆ ಮೂರು ದೇಶಗಳು ನೆಲೆಗಳನ್ನು ಸಜ್ಜುಗೊಳಿಸಿವೆ. ಆಕಾಶವನ್ನು ಗಮನಿಸುವ ರೇಡಾರ್ ಜಾಲವನ್ನು ಜಂಟಿಯಾಗಿ ಕಟ್ಟಿವೆ. ರಾಷ್ಟ್ರೀಯ ಉತ್ಪನ್ನದ ಶೇಕಡ 2ನ್ನು ರಕ್ಷಣೆಗೆ ಮೀಸಲಿಡಬೇಕೆಂಬ 2014ರ ಒಕ್ಕೂಟದ ಸಂಕಲ್ಪವನ್ನು ಇತ್ತೀಚಿನ ವರ್ಷಗಳಲ್ಲಿ ಮೀರಿ ವೆಚ್ಚ ಮಾಡುತ್ತಿವೆ. ಸೈನ್ಯವನ್ನೇ ಇಟ್ಟುಕೊಳ್ಳದ ಐಸ್‌ಲೆಂಡ್ ಕೂಡ ತನ್ನ ಕೆಫ್ಲವಿಕ್ ನೆಲೆಯನ್ನು ಮಿತ್ರರಿಗೆ ತೆರೆದಿಟ್ಟಿದೆ. ಉಳ್ಳವನು ಎತ್ತು ತರಲಿ, ಇಲ್ಲದವನು ಸಸಿ ಕೀಳಲಿ; ಗದ್ದೆಯ ಬದುವಿನ ಮೇಲೆ ಸುಮ್ಮನೆ ನಿಲ್ಲುವವನಿಗೆ ಮಾತ್ರ ಮುಯ್ಯಾಳಿನಲ್ಲಿ ಸ್ಥಾನವಿಲ್ಲ.

ಮೈತ್ರಿಯೆಲ್ಲವೂ ಮಂಗಳಕರವೆಂದು ಭಾವಿಸುವುದೂ ಪ್ರಮಾದವೇ. ಇದಕ್ಕೆ ಶೃಂಗೇರಿಯೇ ಸಾಕ್ಷಿ. ಇಂಗ್ಲಿಷರು, ಮರಾಠರು, ನಿಜಾಮರು ಕೂಡಿ ಮೈಸೂರಿನ ಮೇಲೆ ಯುದ್ಧ ಹೂಡಿದ್ದ ಕಾಲ. 1791ರಲ್ಲಿ ಮರಾಠಾ ಪಡೆಯೊಡನೆ ಬಂದ ಲೂಟಿಕೋರ ಸವಾರರು ಶೃಂಗೇರಿಗೆ ನುಗ್ಗಿ ಮಠವನ್ನು ಸೂರೆಗೊಂಡರು. ದೇವಿಯ ಪುನಃಪ್ರತಿಷ್ಠೆಗೆ ನೆರವು ನೀಡಿದವನು ಟಿಪ್ಪು ಸುಲ್ತಾನ. ಅವನು ಸ್ವಾಮಿಗಳಿಗೆ ಬರೆದ ಪತ್ರಗಳನ್ನು 1916ರಲ್ಲಿ ಆರ್. ನರಸಿಂಹಾಚಾರ್ಯರು ಮಠದಲ್ಲಿ ಕಂಡು ಬೆಳಕಿಗೆ ತಂದರು. ಪೇಶ್ವೆಯಂಥ ಹಿಂದೂ ಪ್ರಭುವಿನ ಪಕ್ಷದ ಸವಾರರಿಗೆ ಹಿಂದೂ ಮಠವು ಸುಲಿಗೆಯ ವಸ್ತುವಾದುದೇಕೆ? ಆ ಕೂಟಕ್ಕೆ ಕಾಯುವ ಉದ್ದೇಶವಿರಲಿಲ್ಲ, ಹಂಚಿಕೊಳ್ಳುವ ಉದ್ದೇಶವಿದ್ದಿತು. ಸಮಾನವಾದ ಶಿಸ್ತೂ ಇರಲಿಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮೈಸೂರಿನ ಅರ್ಧರಾಜ್ಯ ಮೂವರ ಪಾಲಾಯಿತು.

ಇದಕ್ಕೆ ಪ್ರತಿಯಾದ ನಿದರ್ಶನವನ್ನೂ ಕನ್ನಡನಾಡು ಕಂಡಿದೆ. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. 1942ರಲ್ಲಿ ಜಪಾನೀಯರು ಬರ್ಮಾ ಮಾರ್ಗವನ್ನು ಕಡಿದಾಗ ಚೀನಕ್ಕೆ ಸಾಮಗ್ರಿ ತಲುಪಿಸಲು ಅಸ್ಸಾಮಿನಿಂದ ಹಿಮಾಲಯದ ತುದಿಗಳನ್ನು ದಾಟುವ ವಿಮಾನಮಾರ್ಗವೇ ಪ್ರಧಾನ ಆಸರೆಯಾಯಿತು. ಚೀನದ ಆಕಾಶವನ್ನು ಅಮೆರಿಕದ ವೈಮಾನಿಕರು ಚೀನೀಯರೊಡಗೂಡಿ ಕಾದರು. 1943ರಲ್ಲಿ ಬೆಂಗಳೂರಿನ ಕಾರ್ಖಾನೆಯು ಅಮೆರಿಕದ ವಾಯುಪಡೆಯ ಆಡಳಿತಕ್ಕೆ ಒಳಪಟ್ಟು, ಈ ರಣರಂಗದ ವಿಮಾನಗಳ ದುರಸ್ತಿಯ ಮುಖ್ಯ ಕೇಂದ್ರವಾಯಿತು. ಯುದ್ಧಾನಂತರ ಅಮೆರಿಕನ್ನರು ಹೊರಟುಹೋದರೂ ಕಲಿತ ಕೈಗಳು ಇಲ್ಲಿಯೇ ಉಳಿದವು.

ಸ್ವತಂತ್ರ ಭಾರತವೂ ಒಮ್ಮೆ ಮಿತ್ರರ ವಿಮಾನಗಳನ್ನು ಬೇಡಬೇಕಾಯಿತು. ಚೀನದ ಆಕ್ರಮಣ ತೀವ್ರವಾಗಿದ್ದ 1962ರ ನವೆಂಬರ್ 19ರಂದು ಪ್ರಧಾನಿ ನೆಹರೂ ಅವರು ಅಮೆರಿಕದ ಅಧ್ಯಕ್ಷ ಕೆನೆಡಿಯವರಿಗೆ ಪತ್ರ ಬರೆದು, ನಗರಗಳ ರಕ್ಷಣೆಗಾಗಿ 12 ಸ್ಕ್ವಾಡ್ರನ್ ಯುದ್ಧವಿಮಾನಗಳನ್ನು ಕೋರಿದರು. ಎರಡೇ ದಿನಗಳಲ್ಲಿ ಚೀನ ಕದನವಿರಾಮವನ್ನು ಸಾರಿತು. ಕೋರಿದ ವಿಮಾನಗಳು ಬರಲಿಲ್ಲ. ಮರುವರ್ಷ ನವೆಂಬರಿನಲ್ಲಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಗಳ ವಾಯುಪಡೆಗಳು ಭಾರತದೊಡನೆ 'ಶಿಕ್ಷಾ' ಎಂಬ ಜಂಟಿ ತರಬೇತಿ ನಡೆಸಿದುದಷ್ಟೇ ಉಳಿದ ಫಲ. ಮೊದಲೇ ಆಳು ಕೊಟ್ಟು ತೆಗೆದುಕೊಂಡಿರದ ಮನೆಯು ಹೊಳೆ ಉಕ್ಕಿದ ರಾತ್ರಿಯಲ್ಲಿ ಕೂಗಿದರೆ ನೆರೆಯವರು ಏಳುವಷ್ಟರಲ್ಲಿ ಬೆಳಗಾಗಬಹುದು.

ಹಾಗೆಂದು ಭಾರತವು ಯಾವುದಾದರೊಂದು ಒಕ್ಕೂಟವನ್ನು ಸೇರಬೇಕೆಂದು ಸಿದ್ಧವಾಗುವುದಿಲ್ಲ. ಸೇರಿದವನಿಗೆ ಪರರ ಜಗಳವೂ ತನ್ನದಾಗುತ್ತದೆ; ಮುಯ್ಯಿಗೆ ಕರೆ ಬಂದಾಗ ಇಲ್ಲವೆನ್ನಲಾಗದು. ಸೇರದವನಾದರೋ ಕೋಟೆ, ಕೋಶ, ದಂಡಗಳನ್ನು ಇಮ್ಮಡಿಯಾಗಿ ಬೆಳೆಸಬೇಕು. 2001ರ ಜನವರಿಯಲ್ಲಿ ಬೆಂಗಳೂರಿನಿಂದ ಮೊದಲು ಹಾರಿದ ತೇಜಸ್ ಆ ದಾರಿಯ ಹೆಜ್ಜೆ. ಅದರ ಎಂಜಿನ್ ಅಮೆರಿಕದ್ದೆಂಬುದು ಆ ದಾರಿ ಎಷ್ಟು ಉಳಿದಿದೆಯೆಂಬುದನ್ನೂ ತಿಳಿಸುತ್ತದೆ. ಬೆಲೆ ತೆರದೆ ದೊರಕುವ ರಕ್ಷಣೆ ಮಾತ್ರ ಎಲ್ಲಿಯೂ ಇಲ್ಲ.

ಶಾಲೆಗಳಲ್ಲಿ ಇತಿಹಾಸವನ್ನು ಬೋಧಿಸುವ ಉಪಾಧ್ಯಾಯರು ಒಪ್ಪಂದಗಳ ಇಸವಿಗಳನ್ನು ಬಾಯಿಪಾಠ ಮಾಡಿಸಿ ತೃಪ್ತರಾಗಬಾರದು. ಈ ಕೂಟ ಕಾಯುವುದಕ್ಕೋ ಹಂಚಿಕೊಳ್ಳುವುದಕ್ಕೋ, ಇದಕ್ಕೆ ಸಮಾನ ಶಿಸ್ತುಂಟೋ, ಕಿರಿಯನ ಪಾಲಿನ ದುಡಿಮೆ ಯಾವುದು ಎಂಬ ಮೂರು ಪ್ರಶ್ನೆಗಳನ್ನು ಪ್ರತಿಯೊಂದು ಮೈತ್ರಿಯ ಮುಂದೆಯೂ ಇಡುವಂತೆ ಮಕ್ಕಳನ್ನು ಅಣಿಗೊಳಿಸಬೇಕು. ಶೃಂಗೇರಿಯ ಪತ್ರಗಳೂ ಬೆಂಗಳೂರಿನ ಕಾರ್ಖಾನೆಯೂ ಮನೆಯಂಗಳದ ಪಾಠಗಳು. ಹಿರಿಯ ವಿದ್ಯಾರ್ಥಿಗಳೂ ದಾನಿಗಳೂ ಶಾಲೆಯ ಗ್ರಂಥಭಂಡಾರಕ್ಕೆ ಇಂಥ ಚರಿತ್ರೆಯ ಪುಸ್ತಕಗಳನ್ನು ಒದಗಿಸಿಕೊಟ್ಟಲ್ಲಿ ಅದು ನಾಡಿನ ರಕ್ಷಣೆಗೆ ಸಲ್ಲಿಸಿದ ಸೇವೆಯೇ ಆದೀತು.