ಕಸದ ಚೀಲಕ್ಕೆ ವಿಳಾಸವಿಲ್ಲವೇ?

2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ತ್ಯಾಜ್ಯದ ಗುಡ್ಡ ಭಾರೀ ಮಳೆಗೆ ಕುಸಿಯಿತು. ಕುಸಿದ ಕಸ ಅಲ್ಲಿಯೇ ನಿಲ್ಲಲಿಲ್ಲ. ಕೆಳಗಿನ ಮಂದಾರ ಪ್ರದೇಶದತ್ತ ಜಾರಿತು. ಅಡಿಕೆ ಮತ್ತು ತೆಂಗಿನ ತೋಟಗಳು ಅದರಡಿ ಹೂತು ಹೋದವು. ತಲೆಮಾರುಗಳಿಂದ ಬಾಳಿ ಬದುಕಿದ್ದ ಕುಟುಂಬಗಳು ಮನೆ ತೊರೆದು ಹೋಗಬೇಕಾಯಿತು. ಆ ಕುಟುಂಬಗಳು ಮಾಡಿದ ತಪ್ಪಾದರೂ ಏನು? ನಗರವೊಂದರ ಅಡುಗೆ ಮನೆಗಳು ಹೊರಗೆಸೆದ ಚೀಲಗಳ ಕೆಳಗೆ ಅವರ ಮನೆಗಳಿದ್ದವು, ಅಷ್ಟೇ. ಆ ಚೀಲಗಳ ಮೇಲೆ ಎಸೆದವರ ಹೆಸರು ಬರೆದಿರಲಿಲ್ಲವಾದ್ದರಿಂದ ಯಾರೂ ಅಪರಾಧಿಗಳಾಗಲಿಲ್ಲ.

ಈ ಘಟನೆಯನ್ನು ಮಂಗಳೂರಿನ ಸಮಸ್ಯೆಯೆಂದು ಬದಿಗೆ ಸರಿಸಲು ವಿಟ್ಲದಂಥ ಊರಿನವರಾದ ನಮಗೆ ಹಕ್ಕಿದೆಯೇ? ಬೆಳಗ್ಗೆ ಕಲ್ಲಡ್ಕದ ಕಡೆಗೋ ಅಡ್ಯನಡ್ಕದ ಕಡೆಗೋ ಹೋಗುವವರು ರಸ್ತೆಯ ಬದಿಯನ್ನೊಮ್ಮೆ ಗಮನಿಸಲಿ. ಗಂಟು ಕಟ್ಟಿದ ಪ್ಲಾಸ್ಟಿಕ್ ಚೀಲಗಳು ಮೋರಿಯ ಪಕ್ಕದಲ್ಲಿ ಬಿದ್ದಿರುತ್ತವೆ. ನಾಯಿಗಳು ಅವನ್ನು ಎಳೆದಾಡುತ್ತವೆ. ಮಳೆ ಬಂದಾಗ ಅದರ ರಸ ತೋಡಿಗೂ ಅಲ್ಲಿಂದ ತೋಟಕ್ಕೂ ಹರಿಯುತ್ತದೆ. ಚೀಲದೊಳಗೆ ಇರುವುದೇನು? ತರಕಾರಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಚಹಾದ ಚರಟ, ಮೊಟ್ಟೆಯ ಚಿಪ್ಪು, ಉಳಿದ ಅನ್ನ. ಮಣ್ಣಿಗೆ ಸೇರಿದರೆ ಗೊಬ್ಬರವಾಗುವ ಈ ವಸ್ತುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಕಸವನ್ನಾಗಿ ಪರಿವರ್ತಿಸುವುದು ನಾವು.

ನಮ್ಮ ಹಿರಿಯರ ಮನೆಗಳಲ್ಲಿ ಹಸಿಕಸ ಎಂಬ ಪದವೇ ಇರಲಿಲ್ಲ. ಅಕ್ಕಿ ತೊಳೆದ ಅಕ್ಕಚ್ಚು ಹಸುವಿನ ಬಾನಿಗೆ ಹೋಗುತ್ತಿತ್ತು. ಸಿಪ್ಪೆ ಹಟ್ಟಿಗೆ, ಮೀನು ತೊಳೆದ ನೀರು ತೆಂಗಿನ ಬುಡಕ್ಕೆ, ತರಗೆಲೆ ಗೊಬ್ಬರದ ಗುಂಡಿಗೆ ಸೇರುತ್ತಿತ್ತು. ಇಂದು ಹಟ್ಟಿಯಿದ್ದ ಜಾಗದಲ್ಲಿ ಕಾರು ನಿಂತಿದೆ. ಗಲ್ಫಿನ ದುಡಿಮೆಯಿಂದ ಕಟ್ಟಿದ ಮನೆಯ ಅಂಗಳಕ್ಕೆ ಇಂಟರ್‌ಲಾಕ್ ಹಾಸಲಾಗಿದೆ. ಒಂದು ಹಿಡಿ ಮಣ್ಣು ಕೂಡ ಕಾಣದ ಅಂಗಳವನ್ನು ನಾವು ಸ್ವಚ್ಛವೆಂದು ಕರೆಯುತ್ತೇವೆ. ಆದರೆ ಆ ಸ್ವಚ್ಛತೆಯ ಬೆಲೆಯನ್ನು ತೆರುವವರು ಯಾರು? ಕೈಗವಸೂ ಇಲ್ಲದೆ ಕೊಳೆತ ಅನ್ನದಿಂದ ಪ್ಲಾಸ್ಟಿಕ್ಕನ್ನೂ ಒಡೆದ ಗಾಜನ್ನೂ ಬೇರ್ಪಡಿಸುವ ಕಾರ್ಮಿಕರು ಮತ್ತು ತ್ಯಾಜ್ಯ ಘಟಕದ ನೆರೆಯಲ್ಲಿ ಬದುಕುವ ಬಡವರು.

2016ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹಸಿ, ಒಣ ಮತ್ತು ಅಪಾಯಕಾರಿ ಕಸವನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದು ವಿಧಿಸಿದವು. ಇದರ ಹಿಂದೆ ಸರಳವಾದ ಕಾರಣವಿದೆ. ಒಣಕಸಕ್ಕೆ ಹಸಿಕಸ ಸೇರಿದರೆ ಎರಡೂ ಕೆಡುತ್ತವೆ. ಕಾಗದ ಮಾರಲು ಬಾರದು, ಸಿಪ್ಪೆ ಗೊಬ್ಬರವಾಗದು. ದೊಡ್ಡ ರಾಶಿಯಲ್ಲಿ ಗಾಳಿಯಿಲ್ಲದೆ ಕೊಳೆಯುವ ಹಸಿಕಸ ಮೀಥೇನ್ ಅನಿಲವನ್ನು ಹೊರಸೂಸುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಬಿಸಿಯೇರಿಸುವ ಅದರ ಶಕ್ತಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು. ಅಂದರೆ ಹಸಿಕಸವೊಂದು ಮನೆಯಲ್ಲೇ ಉಳಿದರೆ ಸಮಸ್ಯೆಯ ಬಹುಪಾಲು ಬೀದಿಗೆ ಬರುವುದೇ ಇಲ್ಲ.

ಇದಕ್ಕೆ ಪರಿಹಾರವನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಿಲ್ಲ. 1956ರಲ್ಲಿ ವಿಟ್ಲದಲ್ಲಿ ಆರಂಭವಾದ ಅಡಿಕೆ ಸಂಶೋಧನಾ ಕೇಂದ್ರವು 1970ರಲ್ಲಿ ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ, ಅಂದರೆ ನಾವೆಲ್ಲ ಕರೆಯುವ ಸಿಪಿಸಿಆರ್‌ಐಯ ಭಾಗವಾಯಿತು. ಅಡಿಕೆ ಸೋಗೆ, ಹಾಳೆ ಮುಂತಾದ ತೋಟದ ಕಸವನ್ನು ಎರೆಹುಳುಗಳ ಮೂಲಕ ಗೊಬ್ಬರವಾಗಿಸುವ ಬಗ್ಗೆ ಈ ಸಂಸ್ಥೆ 1990ರ ದಶಕದಲ್ಲೇ ಅಧ್ಯಯನ ನಡೆಸಿದೆ. ಅತ್ತ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ರಾಧಾ ಕಾಳೆಯವರು ಎರೆಗೊಬ್ಬರವನ್ನು ರೈತರ ಬಳಿಗೆ ಕೊಂಡೊಯ್ಯಲು ದಶಕಗಳ ಕಾಲ ದುಡಿದಿದ್ದಾರೆ. ತೋಟದಲ್ಲಿ ಸಾಧ್ಯವಾದದ್ದು ಅಡುಗೆ ಮನೆಯ ಹಿಂಬಾಗಿಲಲ್ಲಿ ಏಕೆ ಸಾಧ್ಯವಾಗದು?

ವಿಧಾನವೂ ಕಷ್ಟದ್ದಲ್ಲ. ಅಗಲ ಬಾಯಿಯ ಪ್ಲಾಸ್ಟಿಕ್ ಡ್ರಮ್ಮು ಅಥವಾ ಟಬ್ಬಿನ ತಳಕ್ಕೂ ಬದಿಗಳಿಗೂ ಸಣ್ಣ ತೂತುಗಳನ್ನು ಕೊರೆಯಬೇಕು. ತಳದಲ್ಲಿ ತೆಂಗಿನ ಸಿಪ್ಪೆಯ ಹಾಸು, ಅದರ ಮೇಲೆ ಹಳೆಯ ಸೆಗಣಿ ಬೆರೆಸಿದ ತರಗೆಲೆ ಹಾಕಿ ಹುಳುಗಳನ್ನು ಬಿಡಬೇಕು. ಸೆಗಣಿ ಹಸಿಯಾಗಿದ್ದರೆ ಅದರ ಬಿಸಿಗೆ ಹುಳುಗಳು ಸಾಯುತ್ತವೆ. ಪಶ್ಚಿಮ ಆಫ್ರಿಕ ಮೂಲದ ಯೂಡ್ರಿಲಸ್ ಎಂಬ ಜಾತಿ ಕರಾವಳಿಯ ಸೆಕೆಗೆ ಚೆನ್ನಾಗಿ ಒಗ್ಗುತ್ತದೆ. ಸಿಪ್ಪೆಗಳನ್ನು ಸಣ್ಣದಾಗಿ ಹೆಚ್ಚಿ ಸ್ವಲ್ಪ ಸ್ವಲ್ಪವೇ ಹಾಕಿ, ಪ್ರತಿ ಬಾರಿಯೂ ಒಣ ಎಲೆಯಿಂದ ಮುಚ್ಚಬೇಕು. ಮೇಲೆ ಒದ್ದೆ ಗೋಣಿ ಇರಲಿ. ಹುಳು ಚರ್ಮದ ಮೂಲಕ ಉಸಿರಾಡುವುದರಿಂದ ಒಣಗಿದರೂ ಸಾಯುತ್ತದೆ, ನೀರು ನಿಂತರೂ ಸಾಯುತ್ತದೆ. ಆದ್ದರಿಂದ ನಮ್ಮ ಮಳೆಗಾಲದಲ್ಲಿ ಡ್ರಮ್ಮು ಮಾಡಿನ ಕೆಳಗಿರಲೇಬೇಕು. ಇರುವೆ ಬಾರದಂತೆ ಅದನ್ನು ಇಟ್ಟಿಗೆಗಳ ಮೇಲಿಟ್ಟು, ಆ ಇಟ್ಟಿಗೆಗಳನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸಿದರೆ ಸಾಕು. ಎರಡು ತಿಂಗಳಾಗುವ ಹೊತ್ತಿಗೆ ಕೆಳಗಿನ ಪದರ ಚಹಾಪುಡಿಯಂತೆ ಕಪ್ಪಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಸೂಸುತ್ತದೆ.

ಇದನ್ನೆಲ್ಲ ನಾನು ಮೊದಲ ಪ್ರಯತ್ನದಲ್ಲೇ ಕಲಿತೆನೆಂದು ಹೇಳಿದರೆ ಸುಳ್ಳಾದೀತು. ನನ್ನ ಮೊದಲ ಡ್ರಮ್ಮಿನ ಹುಳುಗಳು ಮೂರನೇ ವಾರದಲ್ಲೇ ಸತ್ತು ಹೋದವು. ಉಪ್ಪಿನಕಾಯಿ ಬೆರೆತ ಅನ್ನ, ಲಿಂಬೆ ಸಿಪ್ಪೆ, ಎಣ್ಣೆಯ ಪಲ್ಯ ಎಲ್ಲವನ್ನೂ ಅದಕ್ಕೆ ಸುರಿದಿದ್ದೆ. ಹುಳುವನ್ನು ನಾನು ಜೀವಿಯೆಂದು ಭಾವಿಸಿರಲಿಲ್ಲ, ಮತ್ತೊಂದು ಕಸದ ಬುಟ್ಟಿಯೆಂದು ಭಾವಿಸಿದ್ದೆ. ಉಪ್ಪು, ಖಾರ, ಹುಳಿ, ಎಣ್ಣೆ ಅವುಗಳ ಆಹಾರವಲ್ಲ. ಮೀನು, ಮಾಂಸ, ಮೂಳೆ ಕೂಡದು, ಅವು ಇಲಿ ಹೆಗ್ಗಣಗಳನ್ನು ಕರೆಯುತ್ತವೆ. ಅವನ್ನು ತೆಂಗಿನ ಬುಡದಿಂದ ತುಸು ದೂರದಲ್ಲಿ ಆಳವಾಗಿ ಹೂಳುವುದೇ ಲೇಸು.

ಆಕ್ಷೇಪಗಳಿವೆ. ಹುಳು ಮುಟ್ಟಿದರೆ ವುಝೂ ಮುರಿಯುವುದೇ ಎಂದು ಹಿರಿಯರೊಬ್ಬರು ನನ್ನಲ್ಲಿ ಕೇಳಿದರು. ಇಲ್ಲ, ಮುರಿಯುವುದಿಲ್ಲ. ಕೈ ತೊಳೆದುಕೊಂಡರಾಯಿತು. ಹಾದಿಯ ಮೇಲಿನ ಮುಳ್ಳನ್ನು ಸರಿಸುವುದನ್ನೂ ವಿಶ್ವಾಸದ ಒಂದು ಭಾಗವೆಂದು ಪ್ರವಾದಿಯವರಿಂದ(ಸ) ಕಲಿತ ಸಮುದಾಯವು ಹಾದಿಯ ಮೇಲೆ ಕೊಳೆತ ಚೀಲ ಎಸೆಯುವುದರ ಬಗ್ಗೆ ಹೆಚ್ಚು ಚಿಂತಿಸಬೇಕಲ್ಲವೇ? ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಇದು ಮನೆಯ ಹೆಣ್ಣುಮಕ್ಕಳ ಹೆಗಲಿಗೆ ಬೀಳುವ ಇನ್ನೊಂದು ಹೊರೆಯಾಗುವುದಿಲ್ಲವೇ? ಖಂಡಿತ ಆಗುತ್ತದೆ, ಗಂಡಸರು ಲೇಖನ ಓದಿ ಆದೇಶ ಕೊಟ್ಟು ಸುಮ್ಮನಾದರೆ. ಪ್ರವಾದಿಯವರು ಮನೆಗೆಲಸದಲ್ಲಿ ಪಾಲ್ಗೊಳ್ಳುತ್ತಿದ್ದರೆಂದು ಭಾಷಣ ಮಾಡುವ ನಾವು ಈ ಡ್ರಮ್ಮನ್ನಾದರೂ ನಮ್ಮ ಹೊಣೆಯಾಗಿ ತೆಗೆದುಕೊಳ್ಳೋಣ. ಸಿಪ್ಪೆ ಹೆಚ್ಚುವುದಕ್ಕೂ ಗೋಣಿ ತೇವ ಮಾಡುವುದಕ್ಕೂ ಹತ್ತು ನಿಮಿಷ ಸಾಕು. ಮಕ್ಕಳನ್ನು ಜೊತೆಗೆ ಕೂರಿಸಿಕೊಂಡರೆ ಅವರು ಕಲಿಯುವುದು ಸಣ್ಣ ಪಾಠವಲ್ಲ. ಜೀವವಿಕಾಸದ ಬಗ್ಗೆ ಬರೆದು ಜಗತ್ತನ್ನೇ ಚರ್ಚೆಗೆಳೆದ ಚಾರ್ಲ್ಸ್ ಡಾರ್ವಿನ್ ಸಾಯುವ ಮುಂಚಿನ ವರ್ಷ, 1881ರಲ್ಲಿ, ಪ್ರಕಟಿಸಿದ ಕೊನೆಯ ಪುಸ್ತಕ ಎರೆಹುಳುಗಳ ಬಗ್ಗೆಯೇ ಆಗಿತ್ತು.

ಹಾಗಂತ ಎರೆಹುಳು ಎಲ್ಲಕ್ಕೂ ಮದ್ದಲ್ಲ. ಮದುವೆ ಮಂಟಪದ ಹಿಂದೆ ಬಿದ್ದಿರುವ ಬಿರಿಯಾನಿಯ ರಾಶಿಯನ್ನೂ ರಮಝಾನ್‌ನ ಇಫ್ತಾರ್ ಕೂಟಗಳಲ್ಲಿ ಉಳಿಯುವ ಆಹಾರವನ್ನೂ ಯಾವ ಡ್ರಮ್ಮೂ ತಾಳದು. ಅಲ್ಲಿ ಬೇಕಾದದ್ದು ಗೊಬ್ಬರದ ಯೋಜನೆಯಲ್ಲ, ಕಡಿಮೆ ಬೇಯಿಸುವ ವಿವೇಕ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಹೊರತಂದ ವರದಿಯ ಪ್ರಕಾರ, 2022ರಲ್ಲಿ ಜಗತ್ತು ಸುಮಾರು 105 ಕೋಟಿ ಟನ್ ಆಹಾರವನ್ನು ವ್ಯರ್ಥಗೊಳಿಸಿದೆ. ಅದರಲ್ಲಿ ಶೇ. 60ರಷ್ಟು ವ್ಯರ್ಥವಾದದ್ದು ಮನೆಗಳಲ್ಲಿ. ದುಂದುಗಾರಿಕೆಯ ವಿರುದ್ಧ ಪ್ರತಿ ವಾರ ಉಪದೇಶ ಕೇಳುವವರ ಮನೆಗಳೂ ಈ ಲೆಕ್ಕದಲ್ಲಿವೆ.

ಇದು ಪಟ್ಟಣ ಪಂಚಾಯತ್‌ನ ಜವಾಬ್ದಾರಿಯನ್ನು ಇಳಿಸುವ ವಾದವೂ ಅಲ್ಲ. ತೆರಿಗೆ ಪಡೆಯುವ ಸಂಸ್ಥೆ ಕಸವನ್ನು ಕ್ರಮಬದ್ಧವಾಗಿ ಸಂಗ್ರಹಿಸಬೇಕು, ಕಾರ್ಮಿಕರಿಗೆ ಕೈಗವಸು, ಬೂಟು ಮತ್ತು ನ್ಯಾಯಯುತ ವೇತನ ನೀಡಬೇಕು, ಬಾಡಿಗೆ ಕೋಣೆಗಳಲ್ಲಿ ಬದುಕುವ, ಡ್ರಮ್ಮು ಇಡಲು ಜಾಗವಿಲ್ಲದ ಕುಟುಂಬಗಳಿಗೆ ಸಾಮೂಹಿಕ ಗೊಬ್ಬರದ ತೊಟ್ಟಿ ಕಟ್ಟಿಸಬೇಕು. ಆದರೆ ನಾವು ಕೇಳುತ್ತಿರುವುದೇನು? ತ್ಯಾಜ್ಯ ಘಟಕ ಬೇಕು, ನಮ್ಮ ವಾರ್ಡಿನಲ್ಲಿ ಮಾತ್ರ ಬೇಡ. ಎಲ್ಲ ವಾರ್ಡುಗಳೂ ಹೀಗೆ ಹೇಳಿದಾಗ ಘಟಕವು ಪ್ರತಿಭಟಿಸುವ ಬಲವಿಲ್ಲದವರ ಪಕ್ಕಕ್ಕೆ ಹೋಗುತ್ತದೆ. ತನ್ನ ಹಸಿಕಸವನ್ನು ತಾನೇ ನಿಭಾಯಿಸುವ ಮನೆಯವನ ಪ್ರಶ್ನೆಗೆ ಪಂಚಾಯತ್ ಸಭೆಯಲ್ಲಿ ಬೇರೆಯೇ ತೂಕವಿರುತ್ತದೆ.

ಒಂದು ಮೊಹಲ್ಲಾದ ಹತ್ತು ಮನೆಗಳು ಆರಂಭಿಸಲಿ. ಮಸೀದಿಯ ಆಡಳಿತ ಸಮಿತಿಯೋ ಯುವಕ ಸಂಘವೋ ತೂತು ಕೊರೆದ ಡ್ರಮ್ಮುಗಳನ್ನು ಒಟ್ಟಿಗೆ ತರಿಸಲಿ. ಹುಳುಗಳು ಹೆಚ್ಚಿದಂತೆ ಒಂದು ಹಿಡಿಯನ್ನು ನೆರೆಮನೆಗೆ ಕೊಡಲಿ, ಆ ನೆರೆಯವರು ಯಾವ ಧರ್ಮದವರೇ ಆಗಿರಲಿ. ನೆರೆಮನೆಯ ಅಂಗಳಕ್ಕೆ ನಮ್ಮ ಮನೆಯಿಂದ ಇಷ್ಟು ಕಾಲ ಹರಿದು ಹೋದದ್ದು ಕೊಳಚೆ ನೀರು. ಇನ್ನು ಮುಂದೆ ಅದರ ಬದಲು ಗೊಬ್ಬರ ಹೋಗುವಂತಾದರೆ, ಊರಿನ ಆರೋಗ್ಯದ ಜೊತೆಗೆ ಊರಿನ ಸಂಬಂಧಗಳೂ ಸುಧಾರಿಸಿಯಾವು.