ಗೊರಕೆ ಹೊಡೆಯೋ ಮಗುವನ್ನು ನೋಡಿ ನಗಬೇಡಿ

ಮದುವೆ ಮನೆಯ ಚಾಪೆ ಮೇಲೆ ಆರು ವರ್ಷದ ನನ್ನ ಅಕ್ಕನ ಮಗ ಗೊರಕೆ ಹೊಡೀತಿದ್ದ. "ಥೇಟ್ ಅಪ್ಪನ ಹಂಗೇ" ಅಂತ ಎಲ್ಲರೂ ನಕ್ಕರು. ನಾನೂ ನಕ್ಕೆ. ಅಷ್ಟರಲ್ಲಿ ಸದ್ದು ನಿಂತಿತು. ಎದೆ, ಹೊಟ್ಟೆ ಎಳೆದಾಡುತ್ತಿದ್ದವು, ಉಸಿರು ಮಾತ್ರ ಇಲ್ಲ. ಆಮೇಲೆ ಗಕ್ಕನೆ ಬಾಯಿ ತೆರೆದು ಉಸಿರೆಳೆದ, ಮತ್ತೆ ಗೊರಕೆ. "ಎಷ್ಟು ಗಡದ್ದಾಗಿ ಮಲಗಿದಾನೆ ನೋಡ್ರೀ" ಅಂದರು ಯಾರೋ.

ಗಡದ್ದು ನಿದ್ದೆಯಲ್ಲ ಅದು. ಸ್ಲೀಪ್ ಅಪ್ನಿಯಾ. ಗಂಟಲಿನ ಟಾನ್ಸಿಲ್, ಮೂಗಿನ ಹಿಂದಿನ ಅಡಿನಾಯ್ಡ್ ದಪ್ಪಗಾಗಿ ನಿದ್ದೆಯಲ್ಲಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಮೆದುಳು ಮಗುವನ್ನು ಅರೆಎಚ್ಚರ ಮಾಡಿ ಉಸಿರಾಡಿಸುತ್ತದೆ. ಒಂದು ರಾತ್ರಿಗೆ ಎಷ್ಟೋ ಸಲ. 2ರಿಂದ 8 ವರ್ಷದ ಮಕ್ಕಳಲ್ಲಿ ಇದು ಹೆಚ್ಚು.

ನನ್ನ ಸಿಟ್ಟು ಇರುವುದು ನಮ್ಮ ಮೇಲೇ. ದೊಡ್ಡವರಿಗೆ ನಿದ್ದೆ ಕೆಟ್ಟರೆ ತೂಕಡಿಸುತ್ತಾರೆ. ಮಕ್ಕಳು ಹಾಗಲ್ಲ, ಎಷ್ಟೋ ಮಕ್ಕಳು ಇನ್ನೂ ಚಡಪಡಿಸುತ್ತಾರೆ, ರೇಗುತ್ತಾರೆ, ಪಾಠ ತಲೆಗೆ ಹತ್ತುವುದಿಲ್ಲ. ಮೇಷ್ಟ್ರು ದಡ್ಡ ಅಂದರು. ಹಾಸಿಗೆ ಒದ್ದೆಯಾದದ್ದಕ್ಕೆ ಅಕ್ಕ ಹೊಡೆದಳು. ಅಜ್ಜಿ ದೃಷ್ಟಿ ತೆಗೆದಳು. ಮೆಡಿಕಲ್ ಶಾಪಿನವ ಕೆಮ್ಮಿನ ಸಿರಪ್ ಕೊಟ್ಟ. ರಾತ್ರಿ ಹೇಗೆ ಮಲಗುತ್ತಾನೆ ಅಂತ ಒಬ್ಬರೂ ಕೇಳಲಿಲ್ಲ, ಎರಡು ವರ್ಷ.

ಸರ್ಕಾರವೂ ಕೇಳುವುದಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ, ಅಂಗನವಾಡಿಗೆ ಬರುತ್ತದೆ. ಒಳ್ಳೆಯ ಕೆಲಸ, ಅಲ್ಲ ಅನ್ನಲ್ಲ. ಅವರ ಮೂಲ ಪಟ್ಟಿಯಲ್ಲಿ ಸೀಳುತುಟಿ, ಹುಳುಕು ಹಲ್ಲು, ಕಿವಿ ಸೋರುವುದು ಸೇರಿ 30 ತೊಂದರೆಗಳಿವೆ. ಇದಿಲ್ಲ. ಹಗಲು ಹನ್ನೊಂದಕ್ಕೆ ಎಚ್ಚರವಿರುವ ಮಗುವನ್ನು ನೋಡಿದರೆ ರಾತ್ರಿಯ ಕಾಯಿಲೆ ಕಾಣುವುದಾದರೂ ಹೇಗೆ? ಅಮೆರಿಕದ ಮಕ್ಕಳ ವೈದ್ಯರ ಸಂಘ ತನ್ನ 2012ರ ಮಾರ್ಗಸೂಚಿಯಲ್ಲಿ, ಮಾಮೂಲಿ ತಪಾಸಣೆಗೆ ಬಂದ ಮಗುವಿನ ಬಗ್ಗೆಯೂ "ಗೊರಕೆ ಹೊಡೆಯುತ್ತದೆಯೇ" ಎಂದು ಕೇಳಿ ಅಂದಿದೆ. ಒಂದು ಪ್ರಶ್ನೆ. ಅದಕ್ಕೆ ಯಂತ್ರ ಬೇಡ, ಟೆಂಡರ್ ಬೇಡ. ಫಾರಂನಲ್ಲಿ ಒಂದು ಸಾಲು ಸೇರಿಸಲು ಏನು ಕಷ್ಟ?

ಅಲ್ಲಿಯವರೆಗೆ ನಿಮ್ಮ ಕೈಯಲ್ಲಿರುವ ಈ ಫೋನೇ ಸಾಕು. ನೆಗಡಿ ಇಲ್ಲದಾಗಲೂ ವಾರಕ್ಕೆ ಮೂರು ರಾತ್ರಿ ಅಥವಾ ಹೆಚ್ಚು ಗೊರಕೆ ಇದ್ದರೆ, ಬಾಯಿ ತೆರೆದು ಅಥವಾ ಕತ್ತು ಹಿಂದಕ್ಕೆ ಚಾಚಿ ಮಲಗುತ್ತಿದ್ದರೆ, ತುಂಬಾ ಬೆವರುತ್ತಿದ್ದರೆ, ನಡುವೆ ಉಸಿರು ನಿಲ್ಲುತ್ತಿದ್ದರೆ ವಿಡಿಯೋ ಮಾಡಿ. ಹೊದಿಕೆ ಸರಿಸಿ, ಎದೆ ಹೊಟ್ಟೆ ಕಾಣಬೇಕು, ಸದ್ದೂ ಕೇಳಬೇಕು. ಎರಡು ನಿಮಿಷ ಸಾಕು. ಅದನ್ನು ಹಿಡಿದು ಜಿಲ್ಲಾಸ್ಪತ್ರೆಯ ಕಿವಿ, ಮೂಗು, ಗಂಟಲು ವೈದ್ಯರ ಹತ್ತಿರ ಹೋಗಿ. ತುಟಿ ನೀಲಿಯಾದರೆ ವಿಡಿಯೋ ಬಿಡಿ, ತಕ್ಷಣ ಆಸ್ಪತ್ರೆಗೆ ಓಡಿ.

ಗೊರಕೆ ಎಲ್ಲಾ ಕಾಯಿಲೆಯಲ್ಲ, ನಿಜ. ಖಚಿತ ಮಾಡಲು ರಾತ್ರಿಯ ನಿದ್ದೆ ಪರೀಕ್ಷೆ ಬೇಕಾಗಬಹುದು. ಹಲವು ಮಕ್ಕಳಿಗೆ ಟಾನ್ಸಿಲ್, ಅಡಿನಾಯ್ಡ್ ತೆಗೆಯುವುದೇ ಮೊದಲ ಚಿಕಿತ್ಸೆ. ಆಪರೇಷನ್ ಬೇಕೋ ಬೇಡವೋ ವೈದ್ಯರು ಹೇಳಲಿ, ಟೀ ಅಂಗಡಿಯವರಲ್ಲ. ನಮ್ಮ ಹುಡುಗನಿಗೆ ಆಯಿತು. ಮನೆಗೆ ಬಂದ ಕೆಲವು ದಿನಕ್ಕೆ ಸದ್ದು ಪೂರ್ತಿ ನಿಂತಿತು. ಅವತ್ತು ಅಕ್ಕ ರಾತ್ರಿ ಎರಡು ಸಲ ಎದ್ದು ಅವನ ಮೂಗಿನ ಹತ್ತಿರ ಕೈ ಇಟ್ಟು ನೋಡಿದಳಂತೆ.